ಸಾಹಿತ್ಯ ಸಮೀಕ್ಷೆಗೆ ರಾಶಿ ಪೇಪರ್ ಇಳಿಸಿಕೊಂಡಿದ್ದೇನೆ, ಯಾವುದನ್ನು ನಂಬಲಿ?

ಹೊಸಪುಟ

ಎಲ್ಲರಿಗೂ ನಮಸ್ಕಾರ. ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಮೊದಲ ವರ್ಷ. ಹದಿಹರೆಯದವರ ನಿದ್ದೆಗೂ ರಾತ್ರಿ ಹೊತ್ತು ಮೊಬೈಲ್ ನೋಡುವುದಕ್ಕೂ ಇರುವ ಸಂಬಂಧ ನನ್ನ ವಿಷಯ. ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದರೆ ಸಾವಿರಗಟ್ಟಲೆ ಬರುತ್ತಿವೆ. ಮೊದಲ ಕೆಲವು ಪುಟಗಳಲ್ಲಿ ಸಿಕ್ಕ ಪಿಡಿಎಫ್‌ಗಳನ್ನೆಲ್ಲ ಇಳಿಸಿಕೊಂಡೆ. ಓದಲು ಕೂತರೆ ಒಂದು ಪೇಪರ್ ಮೊಬೈಲಿನಿಂದ ನಿದ್ದೆ ಕೆಡುತ್ತದೆ ಎನ್ನುತ್ತದೆ, ಇನ್ನೊಂದು ಪರಿಣಾಮ ತೀರಾ ಚಿಕ್ಕದು ಎನ್ನುತ್ತದೆ. ಎರಡೂ ಪೀರ್ ರಿವ್ಯೂ ಆದವೇ, ಅಂದರೆ ಪ್ರಕಟಣೆಗೆ ಮೊದಲು ಅದೇ ಕ್ಷೇತ್ರದ ತಜ್ಞರು ಪರಿಶೀಲಿಸಿದವು.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನೀವೆಲ್ಲ ಹೇಗೆ ತೀರ್ಮಾನಿಸುತ್ತೀರಿ? ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬ ಸಂಖ್ಯೆ ನೋಡಿದರೆ ಸಾಕಾಗುತ್ತದೆಯೇ? ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳಿಗೆ ಸಿಗುವ ಉಲ್ಲೇಖಗಳ ಸರಾಸರಿ) ನೋಡಬೇಕೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಪುಸ್ತಕದಕಪಾಟು

ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕಿ. ಆಯ್ಕೆಯ ಮಾತಿಗೆ ಹೋಗುವ ಮೊದಲು ಹುಡುಕಾಟದ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ತೊಡಕಿನ ಅರ್ಧ ಅಲ್ಲೇ ಇದೆ. ಇಳಿಸಿಕೊಂಡಿದ್ದನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ನಿಮ್ಮ ಪ್ರಶ್ನೆಯಲ್ಲಿ ಮೂರು ಪರಿಕಲ್ಪನೆಗಳಿವೆ: ಹದಿಹರೆಯ, ಮೊಬೈಲ್, ನಿದ್ದೆ. ಒಂದೊಂದಕ್ಕೂ ಸಂಶೋಧಕರು ಬಳಸುವ ಪರ್ಯಾಯ ಪದಗಳನ್ನು ಪಟ್ಟಿ ಮಾಡಿ. ಅಡಾಲಸೆಂಟ್, ಟೀನೇಜರ್, ಯೂತ್. ಸ್ಮಾರ್ಟ್‌ಫೋನ್, ಸೆಲ್ ಫೋನ್, ಸ್ಕ್ರೀನ್ ಟೈಮ್. ಸ್ಲೀಪ್, ಇನ್ಸೋಮ್ನಿಯಾ ಹೀಗೆ. ಒಂದೇ ಪರಿಕಲ್ಪನೆಯ ಪದಗಳ ನಡುವೆ ‘ಆರ್’ ಹಾಕಿ ಆವರಣದಲ್ಲಿಡಿ, ಮೂರು ಗುಂಪುಗಳ ನಡುವೆ ‘ಆ್ಯಂಡ್’ ಹಾಕಿ. ಎರಡು ಪದ ಒಟ್ಟಿಗೇ ಬರಬೇಕಿದ್ದರೆ ಉದ್ಧರಣ ಚಿಹ್ನೆ. ಇಷ್ಟು ಮಾಡಿ ವೈದ್ಯಕೀಯ ಲೇಖನಗಳ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ ಹುಡುಕಿದರೆ ಸಿಗುವ ಪಟ್ಟಿಗೂ ಈಗ ನಿಮ್ಮ ಬಳಿ ಇರುವುದಕ್ಕೂ ದೊಡ್ಡ ವ್ಯತ್ಯಾಸ ಇರುತ್ತದೆ.

ಪಬ್‌ಮೆಡ್‌ನ ಬಹುಪಾಲು ಲೇಖನಗಳಿಗೆ ‘ಮೆಶ್’ ಎಂಬ ವಿಷಯ ಶೀರ್ಷಿಕೆ ಅಂಟಿಸಿರುತ್ತಾರೆ. ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದವು ಒಂದೇ ಶೀರ್ಷಿಕೆಯಡಿ ಸಿಗುತ್ತವೆ. ಆದರೆ ಆ ಶೀರ್ಷಿಕೆಯ ವ್ಯಾಖ್ಯೆ ಓದದೆ ಬಳಸಬೇಡಿ. ಮೆಶ್‌ನಲ್ಲಿ ಹದಿಹರೆಯ ಎಂದರೆ 13ರಿಂದ 18 ವರ್ಷ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ಎನ್ನುತ್ತದೆ. ನಿಮ್ಮ ಪ್ರಬಂಧದಲ್ಲಿ ಯಾವುದು ಎಂದು ಮೊದಲೇ ನಿರ್ಧರಿಸದಿದ್ದರೆ ಮುಂದೆ ಎಲ್ಲ ಹೋಲಿಕೆಗಳೂ ಕದಡಿಹೋಗುತ್ತವೆ.

ಗೂಗಲ್ ಸ್ಕಾಲರ್ ಬೇಡ ಎನ್ನುತ್ತಿಲ್ಲ. 2004ರಿಂದ ಅದು ಇದೆ, ಒಂದು ಲೇಖನವನ್ನು ಮುಂದೆ ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ‘ಸೈಟೆಡ್ ಬೈ’ ಕೊಂಡಿಗಾಗಿ ನಾನೂ ದಿನವೂ ಬಳಸುತ್ತೇನೆ. ಒಂದು ಒಳ್ಳೆಯ ಪೇಪರ್ ಸಿಕ್ಕಿತು ಎಂದುಕೊಳ್ಳಿ. ಅದರ ಗ್ರಂಥಸೂಚಿ ಹಿಡಿದು ಹಿಂದಕ್ಕೆ ಹೋಗಿ, ‘ಸೈಟೆಡ್ ಬೈ’ ಹಿಡಿದು ಮುಂದಕ್ಕೆ ಬನ್ನಿ. ಕೀವರ್ಡ್‌ಗೆ ಸಿಗದ ಎಷ್ಟೋ ಮುಖ್ಯ ಲೇಖನಗಳು ಹೀಗೆ ಸಿಗುತ್ತವೆ. ಆದರೆ ಸ್ಕಾಲರ್ ಫಲಿತಾಂಶಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತದೆ ಎಂಬುದು ಹೊರಗಿನವರಿಗೆ ಪೂರ್ತಿ ತಿಳಿಯದು. ಆದ್ದರಿಂದ ಮೊದಲ ಪುಟಗಳಲ್ಲಿ ಬಂದದ್ದೇ ಮುಖ್ಯವಾದದ್ದು ಎಂದುಕೊಳ್ಳಲಾಗದು.

ಇನ್ನೊಂದು ಮಾತು. ಯಾವ ದಿನ, ಯಾವ ಡೇಟಾಬೇಸ್‌ನಲ್ಲಿ, ಯಾವ ಪದಗಳಿಂದ ಹುಡುಕಿದಿರಿ, ಎಷ್ಟು ಬಂದವು ಎಂದು ಇವತ್ತಿನಿಂದಲೇ ಬರೆದಿಡಿ. ಪ್ರಬಂಧ ಬರೆಯುವಾಗ ಇದನ್ನು ನೆನಪಿನಿಂದ ತೆಗೆಯಲು ಆಗುವುದಿಲ್ಲ.

ಅಡಿಟಿಪ್ಪಣಿ

ಮೇಡಂ ಹುಡುಕಾಟದ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಉಲ್ಲೇಖಗಳ ಸಂಖ್ಯೆ ಸಾಕೇ ಎಂದು ಕೇಳಿದಿರಲ್ಲ, ಅದಕ್ಕೆ ಉತ್ತರಿಸುತ್ತೇನೆ.

1980ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಸಂಪಾದಕರಿಗೆ ಬಂದ ಒಂದು ಪತ್ರವನ್ನು ಅಚ್ಚು ಹಾಕಿತು. ಬರೆದವರು ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ಪತ್ರದಲ್ಲಿ ಇದ್ದದ್ದು ಐದು ವಾಕ್ಯ. ಆಸ್ಪತ್ರೆಯಲ್ಲಿ ದಾಖಲಾಗಿದ್ದಾಗ ಅಫೀಮು ಮೂಲದ ನೋವು ನಿವಾರಕ ಪಡೆದ 11,882 ರೋಗಿಗಳ ದಾಖಲೆ ನೋಡಿದೆವು, ಹಿಂದೆ ವ್ಯಸನದ ಇತಿಹಾಸ ಇಲ್ಲದವರಲ್ಲಿ ಸರಿಯಾಗಿ ದಾಖಲಾದ ವ್ಯಸನದ ಪ್ರಕರಣ ನಾಲ್ಕೇ ಎಂಬುದು ಅದರ ತಿರುಳು. ಆಸ್ಪತ್ರೆಯ ಒಳಗಿನ ರೋಗಿಗಳು, ವೈದ್ಯರ ಕಣ್ಣೆದುರು ಕೊಟ್ಟ ಔಷಧ. ಮನೆಗೆ ಹೋದ ಮೇಲೆ ಏನಾಯಿತು ಎಂಬ ಮಾತೇ ಅದರಲ್ಲಿಲ್ಲ.

2017ರಲ್ಲಿ ಅದೇ ಜರ್ನಲ್‌ನಲ್ಲಿ ಇನ್ನೊಂದು ತಂಡ ಈ ಪತ್ರವನ್ನು ಯಾರ್‍ಯಾರು ಹೇಗೆ ಉಲ್ಲೇಖಿಸಿದ್ದಾರೆ ಎಂದು ಹುಡುಕಿ ಪ್ರಕಟಿಸಿತು. ಒಟ್ಟು 608 ಉಲ್ಲೇಖ. ಅದರಲ್ಲಿ 439 ಕಡೆ, ಇಂಥ ಔಷಧದಿಂದ ವ್ಯಸನ ಅಪರೂಪ ಎನ್ನುವುದಕ್ಕೆ ಇದನ್ನೇ ಸಾಕ್ಷಿಯಾಗಿ ಕೊಟ್ಟಿದ್ದರು. 491 ಕಡೆ ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬ ಅಂಶವನ್ನೇ ಬಿಟ್ಟಿದ್ದರು. ಮನೆಯಲ್ಲಿ ತಿಂಗಳುಗಟ್ಟಲೆ ಅದೇ ಜಾತಿಯ ಮಾತ್ರೆ ನುಂಗುವವರ ವಿಷಯಕ್ಕೆ ಈ ಐದು ವಾಕ್ಯ ಆಧಾರವಾಯಿತು. ಮುಂದೆ ಉತ್ತರ ಅಮೆರಿಕದಲ್ಲಿ ಈ ಔಷಧಗಳ ವ್ಯಸನದಿಂದ ಆದ ಅನಾಹುತಕ್ಕೆ ಈ ಉಲ್ಲೇಖಗಳೂ ದಾರಿ ಮಾಡಿಕೊಟ್ಟವು ಎಂದು ಆ ತಂಡ ಬರೆದಿದೆ. ಈಗ ಜರ್ನಲ್ ಆ ಪತ್ರದ ಮೇಲೆ ಎಚ್ಚರಿಕೆಯ ಟಿಪ್ಪಣಿ ಹಾಕಿದೆ.

ಪತ್ರ ಬರೆದವರು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಜರ್ನಲ್ ಜಗತ್ತಿನ ಅತಿ ಗೌರವದ್ದು. ಉಲ್ಲೇಖದ ಸಂಖ್ಯೆ ನೂರಾರು. ನೀವು ಹೇಳಿದ ಎರಡೂ ಅಳತೆಗೋಲು ಹಿಡಿದರೆ ಇದು ಚಿನ್ನದಂಥ ಆಕರ. ಪತ್ರವನ್ನು ತೆರೆದು ಆ ಐದು ವಾಕ್ಯ ಓದಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು.

ಹಾಗಾಗಿ ನನ್ನ ಬಳಿ ಬರುವ ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ: ತೆರೆದು ಓದದ ಆಕರವನ್ನು ಗ್ರಂಥಸೂಚಿಗೆ ಸೇರಿಸಬೇಡಿ. ಅಬ್‌ಸ್ಟ್ರಾಕ್ಟ್ ಓದಿದ್ದು ಓದಿದ ಲೆಕ್ಕಕ್ಕೆ ಬರುವುದಿಲ್ಲ.

ದಾರಿಹೋಕ

ಅಡಿಟಿಪ್ಪಣಿ ಸರ್, ತತ್ವ ಸರಿ. ಆದರೆ ಒಂದು ಪ್ರಬಂಧಕ್ಕೆ ಇನ್ನೂರು, ಮುನ್ನೂರು ಉಲ್ಲೇಖ ಬೇಕು ಅಂತಾರೆ. ಎಲ್ಲವನ್ನೂ ಮೊದಲಿಂದ ಕೊನೆವರೆಗೆ ಓದುವುದು ಸಾಧ್ಯವೇ? ಈಗ ಚಾಟ್‌ಬಾಟ್‌ಗೆ ಕೇಳಿದರೆ ವಿಷಯಕ್ಕೆ ತಕ್ಕ ಪಟ್ಟಿ, ಸಾರಾಂಶ ಎಲ್ಲ ಕೊಡುತ್ತದೆ. ಅದನ್ನು ಬಳಸಿಕೊಂಡರೆ ತಪ್ಪೇನು?

ಅಡಿಟಿಪ್ಪಣಿ

ಎಲ್ಲವನ್ನೂ ಕೊನೆವರೆಗೆ ಓದಬೇಕು ಎನ್ನಲಿಲ್ಲ. ಯಾವ ಮಾತಿಗೆ ಅದನ್ನು ಆಧಾರ ಕೊಡುತ್ತಿದ್ದೀರೋ ಆ ಮಾತು ಅದರೊಳಗೆ ನಿಜಕ್ಕೂ ಇದೆಯೇ ಎಂದು ನಿಮ್ಮ ಕಣ್ಣಿಂದ ನೋಡಬೇಕು. ಜೊತೆಗೆ ವಿಧಾನದ ಭಾಗವನ್ನೂ ಮಿತಿಗಳ ಭಾಗವನ್ನೂ ಓದಬೇಕು. ಅಷ್ಟೂ ಆಗದಿದ್ದರೆ ಉಲ್ಲೇಖ ಕಡಿಮೆಯಾಗಲಿ. ಮುನ್ನೂರಕ್ಕಿಂತ ನೂರಿಪ್ಪತ್ತು ಗಟ್ಟಿ ಉಲ್ಲೇಖ ಇರುವ ಪ್ರಬಂಧವನ್ನು ಪರೀಕ್ಷಕನಾಗಿ ನಾನು ಹೆಚ್ಚು ಗೌರವದಿಂದ ಓದುತ್ತೇನೆ.

ಪುಸ್ತಕದಕಪಾಟು

ಚಾಟ್‌ಬಾಟ್ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅದು ಕೊಟ್ಟ ಪಟ್ಟಿ ಹಿಡಿದು ನಮ್ಮ ಗ್ರಂಥಾಲಯದ ಕೌಂಟರ್‌ಗೆ ಬರುವವರು ಹೆಚ್ಚುತ್ತಿದ್ದಾರೆ. ಲೇಖಕರ ಹೆಸರು ನಿಜ, ಜರ್ನಲ್ ನಿಜ, ವರ್ಷ ನಂಬುವಂತಿದೆ. ಆ ಸಂಚಿಕೆ ತೆರೆದು ನೋಡಿದರೆ ಆ ಪುಟದಲ್ಲಿ ಬೇರೆಯದೇ ಲೇಖನ. ಅಂಥ ಲೇಖನವನ್ನು ಯಾರೂ ಬರೆದೇ ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಮಾಟಾ ಮತ್ತು ಏವಿಯಾಂಕಾ ನಡುವಿನ ಮೊಕದ್ದಮೆಯಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಆಧಾರವಾಗಿ ಸಲ್ಲಿಸಿದರು. ಆ ತೀರ್ಪುಗಳು ಇರಲೇ ಇಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು.

ಪರ್ಯಾಯ ಕೀವರ್ಡ್ ಹೊಳೆಯದಿದ್ದಾಗ ಅದನ್ನು ಕೇಳಿ, ಅಡ್ಡಿಯಿಲ್ಲ. ಅದು ಕೊಟ್ಟ ಉಲ್ಲೇಖವನ್ನು ಮಾತ್ರ ಡಿಒಐ ಹಾಕಿ ತೆರೆದು ನೋಡಿ. ಡಿಒಐ ಎಂದರೆ 10ರಿಂದ ಶುರುವಾಗುವ ಶಾಶ್ವತ ಗುರುತು ಸಂಖ್ಯೆ. ಪ್ರಕಾಶಕರು ಜಾಲತಾಣ ಬದಲಿಸಿದರೂ ಲೇಖನ ಇರುವಲ್ಲಿಗೆ ಅದು ಕರೆದೊಯ್ಯುತ್ತದೆ. ಅದು ಬೇರೆ ಲೇಖನಕ್ಕೆ ಹೋದರೆ, ಅಥವಾ ಎಲ್ಲಿಗೂ ಹೋಗದಿದ್ದರೆ, ಶೀರ್ಷಿಕೆಯನ್ನು ಡಿಒಐಗಳನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಯ ತಾಣದಲ್ಲಿ ಹುಡುಕಿ. ಅಲ್ಲೂ ಇಲ್ಲ, ಆ ಜರ್ನಲ್‌ನ ಸಂಚಿಕೆಯಲ್ಲೂ ಇಲ್ಲ ಎಂದಾದರೆ ಅಂಥದ್ದನ್ನು ಮುಟ್ಟಬೇಡಿ.

ಅಂಕಿಅಳತೆ

ನಾನು ವೈದ್ಯಕೀಯ ಸಂಖ್ಯಾಶಾಸ್ತ್ರದಲ್ಲಿ ಕೆಲಸ ಮಾಡುತ್ತೇನೆ. ಹೊಸಪುಟ ಅವರು “ಎರಡೂ ಪೀರ್ ರಿವ್ಯೂ ಆದವೇ” ಎಂದು ಬರೆದದ್ದು ನೋಡಿ ಇಲ್ಲಿಗೆ ಬಂದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಎದ್ದುಕಾಣುವ ದೋಷಗಳನ್ನು ಬೇಕೆಂದೇ ತುಂಬಿದ ನಕಲಿ ಪೇಪರ್ ತಯಾರಿಸಿ 304 ಮುಕ್ತ ಪ್ರವೇಶ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು, 98 ತಿರಸ್ಕರಿಸಿದವು. ‘ಸೈನ್ಸ್’ ಪತ್ರಿಕೆಯಲ್ಲಿ ಇದರ ವರದಿ ಬಂತು. ಚಂದಾ ಪಡೆಯುವ ಜರ್ನಲ್‌ಗಳಿಗೆ ಅವರು ಕಳಿಸಲಿಲ್ಲ, ಆದ್ದರಿಂದ ಮುಕ್ತ ಪ್ರವೇಶವೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಇದು ಸಾಲದು. ಆದರೆ ವಿಮರ್ಶೆ ಮಾಡುತ್ತೇವೆ ಎಂದು ಹೇಳಿಕೊಳ್ಳುವವರೆಲ್ಲ ಮಾಡುವುದಿಲ್ಲ ಎಂಬುದಕ್ಕೆ ಸಾಕು.

ದೊಡ್ಡ ಜರ್ನಲ್‌ಗಳೂ ಎಡವುತ್ತವೆ. 2020ರ ಮೇ 22ರಂದು ‘ಲ್ಯಾನ್ಸೆಟ್’ನಲ್ಲಿ ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧ ಕೊಟ್ಟರೆ ಅಪಾಯ ಎನ್ನುವ ಒಂದು ಅಧ್ಯಯನ ಬಂತು. ಆರು ಖಂಡಗಳ 671 ಆಸ್ಪತ್ರೆಗಳ ದತ್ತಾಂಶ ಎಂದು ಹೇಳಿಕೊಂಡಿತ್ತು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಒಂದು ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ದತ್ತಾಂಶ ಎಲ್ಲಿದೆ ತೋರಿಸಿ ಎಂದು ಸಂಶೋಧಕರು ಪಟ್ಟು ಹಿಡಿದರು, ತೋರಿಸಲಾಗಲಿಲ್ಲ, ಜೂನ್ 4ಕ್ಕೆ ಲೇಖನ ಹಿಂಪಡೆದರು. ಎರಡು ವಾರವೂ ಆಗಿರಲಿಲ್ಲ.

ಹಿಂಪಡೆದ ಲೇಖನಗಳ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ ಆ್ಯಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ಲೇಖನದಲ್ಲಿ ಇದ್ದದ್ದು ಹನ್ನೆರಡು ಮಕ್ಕಳು. ಅದನ್ನು ಹಿಂಪಡೆಯಲು 2010 ಆಯಿತು. ಆ ಮೇಲೂ ಅದನ್ನು ಉಲ್ಲೇಖಿಸುವುದು ನಿಂತಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡ ಪಿಡಿಎಫ್‌ಗೆ ತಾನು ಹಿಂಪಡೆಯಲ್ಪಟ್ಟಿದ್ದೇನೆ ಎಂದು ಗೊತ್ತಾಗುವುದಿಲ್ಲ. ಹಿಂಪಡೆದ ಲೇಖನಗಳನ್ನು ಪಟ್ಟಿ ಮಾಡುವ ‘ರಿಟ್ರ್ಯಾಕ್ಷನ್ ವಾಚ್’ ದತ್ತಸಂಚಯವನ್ನು 2023ರಲ್ಲಿ ಕ್ರಾಸ್‌ರೆಫ್ ಪಡೆದುಕೊಂಡು ಎಲ್ಲರಿಗೂ ಮುಕ್ತಗೊಳಿಸಿದೆ. ಆಕರಗಳನ್ನು ಜೋಡಿಸಿಡುವ ಝೊಟೆರೊ ಬಳಸುವವರಾದರೆ, ಸಂಗ್ರಹದಲ್ಲಿರುವ ಲೇಖನ ಹಿಂಪಡೆದಿದ್ದರೆ ಅದೇ ಎಚ್ಚರಿಸುತ್ತದೆ. ಉಚಿತ ತಂತ್ರಾಂಶ, ಇಂದೇ ಹಾಕಿಕೊಳ್ಳಿ.

ಇನ್ನು ಎರಡು ಪೇಪರ್ ಒಂದಕ್ಕೊಂದು ವಿರುದ್ಧ ಎಂಬುದು. ಅವು ಒಂದೇ ಪ್ರಶ್ನೆ ಕೇಳಿವೆಯೇ ಎಂದು ಮೊದಲು ನೋಡಿ. ನಿದ್ದೆಯನ್ನು ಅಳೆದದ್ದು ಹೇಗೆ? “ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ” ಎಂದು ಮಕ್ಕಳನ್ನೇ ಕೇಳಿದ್ದಾರೋ, ಮಣಿಕಟ್ಟಿಗೆ ಆ್ಯಕ್ಟಿಗ್ರಾಫ್ (ಚಲನೆ ದಾಖಲಿಸುವ ಸಾಧನ) ಕಟ್ಟಿ ಅಳೆದಿದ್ದಾರೋ? ಮೊಬೈಲ್ ಬಳಕೆಯನ್ನು ನೆನಪಿನಿಂದ ಬರೆಸಿಕೊಂಡಿದ್ದಾರೋ, ಫೋನಿನ ದಾಖಲೆಯಿಂದ ತೆಗೆದಿದ್ದಾರೋ? ಒಂದೇ ಸಲ ಕೇಳಿ ಮುಗಿಸಿದ್ದಾರೋ, ಅದೇ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿದ್ದಾರೋ? ಒಂದೇ ಸಲದ ಸಮೀಕ್ಷೆಯಲ್ಲಿ ಮೊಬೈಲಿನಿಂದ ನಿದ್ದೆ ಕೆಟ್ಟಿತೋ, ನಿದ್ದೆ ಬಾರದ್ದರಿಂದ ಮೊಬೈಲ್ ಹಿಡಿದರೋ ಹೇಳಲು ಬರುವುದಿಲ್ಲ. ಹತ್ತು ಸಾವಿರ ಮಕ್ಕಳಿದ್ದರೂ ಬರುವುದಿಲ್ಲ. ದೊಡ್ಡ ಸಮೀಕ್ಷೆಯಲ್ಲಿ ಕೆಲವೇ ನಿಮಿಷದ ವ್ಯತ್ಯಾಸವೂ ‘ಸಂಖ್ಯಾಶಾಸ್ತ್ರೀಯವಾಗಿ ಗಣನೀಯ’ ಎಂದು ಬರುತ್ತದೆ, ಅದನ್ನೇ ತಲೆಬರಹ ಮಾಡುತ್ತಾರೆ. ಎಷ್ಟು ನಿಮಿಷ ಎಂಬುದನ್ನು ಹುಡುಕಿ ಬರೆದುಕೊಳ್ಳಿ. ಬಹುಪಾಲು ವಿರೋಧಾಭಾಸಗಳು ಅಲ್ಲೇ ಕರಗುತ್ತವೆ. ಕರಗದೆ ಉಳಿದದ್ದು ನಿಮ್ಮ ಪ್ರಬಂಧಕ್ಕೆ ಒಳ್ಳೆಯ ಪ್ರಶ್ನೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಎರಡೇ ಮಾತು. ಅದು ಜರ್ನಲ್‌ನ ಸರಾಸರಿ, ಲೇಖನದ ಗುಣವಲ್ಲ. ಲೇಖನವನ್ನು ಅದರಿಂದ ಅಳೆಯಬೇಡಿ ಎಂದು ಜರ್ನಲ್ ಸಂಪಾದಕರು, ಪ್ರಕಾಶಕರೇ ಸೇರಿ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯಲ್ಲಿ ಹೇಳಿದ್ದಾರೆ.

ಹಳೆಕಡತ

ಅಂಕಿಅಳತೆ ಅವರ ಮಾತು ಆರೋಗ್ಯ ವಿಜ್ಞಾನಕ್ಕೆ ಸರಿ. ಬೇರೆ ವಿಭಾಗದವರೂ ಇದನ್ನು ಓದುತ್ತಾರೆ ಎಂದು ಇತಿಹಾಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

“ಹತ್ತು ವರ್ಷಕ್ಕಿಂತ ಹಳೆಯ ಆಕರ ಬೇಡ” ಎಂಬ ನಿಯಮವನ್ನು ಎಲ್ಲ ವಿಷಯಕ್ಕೂ ಹೇರುವವರಿದ್ದಾರೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ನೂರು ವರ್ಷದ ಹಿಂದಿನ ಪತ್ರಿಕೆ ನನಗೆ ಮುಖ್ಯ ಆಕರ. ಆದರೆ ಯಾವುದಕ್ಕೆ ಆಕರ ಎಂಬುದೇ ಮುಖ್ಯ. ಒಂದು ಗಲಭೆಯಲ್ಲಿ ಎಷ್ಟು ಜನ ಸತ್ತರು ಎಂಬುದಕ್ಕೆ ಆ ಪತ್ರಿಕೆ ಕೈಯಿಂದ ಕೈಗೆ ಬಂದ ಸುದ್ದಿ, ಅಷ್ಟೇನೂ ನೆಚ್ಚುವಂಥದ್ದಲ್ಲ. ಆ ಗಲಭೆಯನ್ನು ಅಂದಿನ ಓದುಗರಿಗೆ ಹೇಗೆ ಹೇಳಿದರು ಎಂಬುದಕ್ಕೆ ಅದಕ್ಕಿಂತ ನೇರವಾದ ಪ್ರಾಥಮಿಕ ಆಕರ ಬೇರೆ ಇಲ್ಲ. ಪ್ರಾಥಮಿಕ, ದ್ವಿತೀಯಕ ಎಂಬುದು ಆಕರಕ್ಕೆ ಅಂಟಿದ ಗುಣವಲ್ಲ. ನೀವು ಕೇಳುವ ಪ್ರಶ್ನೆಯಿಂದ ಅದು ನಿರ್ಧಾರವಾಗುತ್ತದೆ.

ಅಂತರಜಾಲದ ಆಕರಗಳನ್ನು ತೂಗುವುದಕ್ಕೆ ಬಂದರೆ, ಸ್ಟ್ಯಾನ್‌ಫೋರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರ 2017ರ ಅಧ್ಯಯನ ನನ್ನ ಓದಿನ ಅಭ್ಯಾಸವನ್ನೇ ಬದಲಿಸಿತು. ಹತ್ತು ಇತಿಹಾಸಕಾರರು, ಹತ್ತು ವೃತ್ತಿಪರ ಸತ್ಯಶೋಧಕರು, ಇಪ್ಪತ್ತೈದು ವಿದ್ಯಾರ್ಥಿಗಳು. ಅಪರಿಚಿತ ಜಾಲತಾಣಗಳನ್ನು ಕೊಟ್ಟು ಇದನ್ನು ನಂಬಬಹುದೇ ನೋಡಿ ಎಂದರು. ವಿದ್ಯಾರ್ಥಿಗಳೂ, ಪಿಎಚ್‌ಡಿ ಆಗಿದ್ದ ಇತಿಹಾಸಕಾರರಲ್ಲಿ ಹಲವರೂ ಆ ಪುಟದಲ್ಲೇ ಉಳಿದು, ವಿನ್ಯಾಸ, ಲಾಂಛನ, ಸಂಸ್ಥೆಯ ಗಂಭೀರ ಹೆಸರು ನೋಡಿ ಮೋಸ ಹೋದರು. ಸತ್ಯಶೋಧಕರು ಪುಟವನ್ನು ಹೆಚ್ಚು ಓದಲೇ ಇಲ್ಲ. ಪಕ್ಕದಲ್ಲಿ ಹೊಸ ಟ್ಯಾಬ್‌ಗಳನ್ನು ತೆರೆದು ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ, ಹಣ ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. ಬೇಗವೂ ಸರಿಯಾಗಿಯೂ ತೀರ್ಮಾನಕ್ಕೆ ಬಂದವರು ಅವರೇ. ಆಕರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ಕೊನೆಗೆ ಓದಿ ಎಂದು ನಾನು ಈಗ ತರಗತಿಯಲ್ಲಿ ಹೇಳುತ್ತೇನೆ.

ದಾರಿಹೋಕ

ಹಾಗಾದರೆ ವಿಕಿಪೀಡಿಯ?

ಹಳೆಕಡತ

ಮೊದಲು ಓದಲು ಒಳ್ಳೆಯದು, ಉಲ್ಲೇಖಿಸಲು ಅಲ್ಲ. ಲೇಖನದ ಕೆಳಗಿರುವ ಆಕರಗಳ ಪಟ್ಟಿ, ಚರ್ಚಾ ಪುಟದಲ್ಲಿ ಸಂಪಾದಕರು ಯಾವುದಕ್ಕೆ ಜಗಳವಾಡಿದ್ದಾರೆ ಎಂಬುದು, ಇವೆರಡೂ ನನಗೆ ಲೇಖನಕ್ಕಿಂತ ಹೆಚ್ಚು ಕೊಟ್ಟಿವೆ.

ಹೊಸಪುಟ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ನೀವು ಹೇಳಿದಂತೆ ಒಂದೇ ಒಂದು ವಾಕ್ಯ ಹಿಡಿದು ಬೆನ್ನು ಹತ್ತಿದೆ. ನನ್ನ ಪೇಪರ್‌ಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಅದು: ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಒಂದು ಪೇಪರ್ ಇನ್ನೊಂದನ್ನು ತೋರಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ತಲುಪಿದ್ದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್‌ನ 2016ರ ಹೇಳಿಕೆಗೆ.

ಅದನ್ನು ಓದಿದಾಗ ಎರಡು ವಿಷಯ ತಿಳಿಯಿತು. ಇದು ಯಾವುದೋ ಒಂದು ಪ್ರಯೋಗದಲ್ಲಿ ಅಳೆದು ಕಂಡುಹಿಡಿದ ಸಂಖ್ಯೆಯಲ್ಲ. ಹದಿಮೂರು ತಜ್ಞರು ಪ್ರಕಟವಾದ ಅಧ್ಯಯನಗಳನ್ನು ಪರಿಶೀಲಿಸಿ, ಮತ ಹಾಕಿ ಒಮ್ಮತಕ್ಕೆ ಬಂದ ಶಿಫಾರಸು. ಎರಡನೆಯದು, ಅದು 13ರಿಂದ 18 ವರ್ಷದವರಿಗೆ. 6ರಿಂದ 12 ವರ್ಷದವರಿಗೆ ಅದೇ ಹೇಳಿಕೆಯಲ್ಲಿ 9ರಿಂದ 12 ಗಂಟೆ ಎಂದಿದೆ. ನನ್ನ ಸಂಗ್ರಹದ ಒಂದು ಪೇಪರ್‌ನಲ್ಲಿ 10 ವರ್ಷದ ಮಕ್ಕಳಿಗೂ 8 ಗಂಟೆಯ ಗೆರೆಯನ್ನೇ ಹಾಕಿ ಯಾರಿಗೆ ನಿದ್ದೆ ಸಾಲದು ಎಂದು ಎಣಿಸಿದ್ದಾರೆ. ಅಂದರೆ ಆ ಚಿಕ್ಕ ಮಕ್ಕಳಲ್ಲಿ ನಿದ್ದೆ ಸಾಲದವರು ಅಲ್ಲಿ ಕಡಿಮೆ ಕಾಣುತ್ತಾರೆ, ಅಲ್ಲವೇ? ಈ ಪೇಪರನ್ನು ಬಿಟ್ಟುಬಿಡಬೇಕೇ?

ಅಂಕಿಅಳತೆ

ಹೌದು, ಕಡಿಮೆ ಕಾಣುತ್ತಾರೆ. ಆದರೆ ಬಿಡಬೇಡಿ! ಸಂಖ್ಯೆಯನ್ನು ಹಾಗೆಯೇ ಎತ್ತಿಕೊಳ್ಳದೆ, ಯಾವ ಗೆರೆ ಹಾಕಿದ್ದಾರೆ ಎಂಬುದನ್ನು ಸೇರಿಸಿ ಬರೆಯಿರಿ. ವಯಸ್ಸಿಗೆ ತಕ್ಕಂತೆ ದತ್ತಾಂಶ ಬಿಡಿಬಿಡಿಯಾಗಿ ಪ್ರಕಟಿಸಿದ್ದರೆ ನೀವೇ ಮತ್ತೆ ಲೆಕ್ಕ ಹಾಕಬಹುದು. ಇಲ್ಲದಿದ್ದರೆ ಲೇಖಕರಿಗೆ ಇಮೇಲ್ ಮಾಡಿ ಕೇಳಿ. ನಿಮ್ಮ ವಾದಕ್ಕೆ ಒಗ್ಗದ ಪೇಪರ್‌ಗಳನ್ನೂ ಹೀಗೆಯೇ ಇಟ್ಟುಕೊಳ್ಳಬೇಕು. ಯಾಕೆ ಒಪ್ಪುವುದಿಲ್ಲ ಎಂದು ಬರೆಯದೆ ಸುಮ್ಮನೆ ಕೈಬಿಟ್ಟರೆ ಪರೀಕ್ಷಕರು ಮೊದಲು ಹುಡುಕುವುದೇ ಅದನ್ನು.

ಅಡಿಟಿಪ್ಪಣಿ

ಬಹಳ ಖುಷಿಯಾಯಿತು. ಇದೇ ಕೆಲಸ.

ಬರೆಯುವ ಹಂತಕ್ಕೆ ಒಂದು ಸಲಹೆ. ಒಂದು ಕೋಷ್ಟಕ ಮಾಡಿಕೊಳ್ಳಿ. ಸಾಲಿಗೊಂದು ಪೇಪರ್, ವಯಸ್ಸು, ನಿದ್ದೆ ಅಳೆದ ಬಗೆ, ಮೊಬೈಲ್ ಬಳಕೆ ಅಳೆದ ಬಗೆ, ಅಧ್ಯಯನದ ವಿನ್ಯಾಸ, ಕಂಡ ವ್ಯತ್ಯಾಸ, ಹಣ ಕೊಟ್ಟವರು, ಲೇಖಕರೇ ಒಪ್ಪಿಕೊಂಡ ಮಿತಿ ಇವೆಲ್ಲ ಅಂಕಣಗಳು. ತುಂಬಿದ ಮೇಲೆ ಅಡ್ಡಡ್ಡ ಓದುವುದು ಬಿಟ್ಟು ಅಂಕಣಗಳನ್ನು ಮೇಲಿಂದ ಕೆಳಗೆ ಓದಿ. ಆಗ “ಇವರು ಹೀಗೆ ಹೇಳಿದರು, ಅವರು ಹಾಗೆ ಹೇಳಿದರು” ಎಂಬ ಪಟ್ಟಿಯಂಥ ಸಮೀಕ್ಷೆ ಬರೆಯಲು ಮನಸ್ಸೇ ಬರುವುದಿಲ್ಲ. ಆ್ಯಕ್ಟಿಗ್ರಾಫ್ ಬಳಸಿದವರಿಗೆ ಏನು ಕಂಡಿತು, ಕೇಳಿ ಬರೆದುಕೊಂಡವರಿಗೆ ಏನು ಕಂಡಿತು ಎಂದು ಬರೆಯುತ್ತೀರಿ.

ಟಿಪ್ಪಣಿ ಮಾಡುವಾಗ ಲೇಖಕರ ಮಾತನ್ನು ಯಥಾವತ್ತಾಗಿ ಇಳಿಸಿಕೊಂಡರೆ ಉದ್ಧರಣ ಚಿಹ್ನೆಯನ್ನೂ ಪುಟ ಸಂಖ್ಯೆಯನ್ನೂ ಆಗಲೇ ಹಾಕಿ. ಆರು ತಿಂಗಳು ಕಳೆದರೆ ಯಾವುದು ಅವರ ವಾಕ್ಯ, ಯಾವುದು ನಿಮ್ಮದು ಎಂದು ನಿಮಗೇ ಗುರುತು ಸಿಗದು. ಕದಿಯುವ ಉದ್ದೇಶವೇ ಇಲ್ಲದ ಎಷ್ಟೋ ಜನ ಕೃತಿಚೌರ್ಯದ ಆರೋಪಕ್ಕೆ ಸಿಕ್ಕಿಕೊಳ್ಳುವುದು ಹೀಗೆ.

ಹೊಸಪುಟ

ಖಂಡಿತ ಮಾಡುತ್ತೇನೆ ಸರ್. ಕೊನೆಯದಾಗಿ ಒಂದು ಅನುಮಾನ. ಕೆಲವು ಹಳೆಯ ಲೇಖನಗಳಿಗೆ ಹಣ ಕಟ್ಟಬೇಕು, ನಮ್ಮ ಗ್ರಂಥಾಲಯದಲ್ಲಿ ಚಂದಾ ಇಲ್ಲ. ಅಂಥವನ್ನು ಬೇರೆಯವರು ಉಲ್ಲೇಖಿಸಿದ ರೀತಿಯಲ್ಲೇ ಉಲ್ಲೇಖಿಸಬಹುದೇ?

ಪುಸ್ತಕದಕಪಾಟು

ಮೊದಲು ಅನ್‌ಪೇವಾಲ್ ಎಂಬ ಬ್ರೌಸರ್ ವಿಸ್ತರಣೆ ಹಾಕಿಕೊಳ್ಳಿ. ಲೇಖಕರು ಕಾನೂನುಬದ್ಧವಾಗಿ ಎಲ್ಲಾದರೂ ಉಚಿತ ಪ್ರತಿ ಇಟ್ಟಿದ್ದರೆ ತೋರಿಸುತ್ತದೆ. ಸಿಗದಿದ್ದರೆ ಲೇಖಕರಿಗೇ ಎರಡು ಸಾಲು ಇಮೇಲ್ ಬರೆಯಿರಿ, ಬಹಳಷ್ಟು ಜನ ಸಂತೋಷದಿಂದ ಕಳಿಸುತ್ತಾರೆ. ಅದೂ ಆಗದಿದ್ದರೆ ಗ್ರಂಥಾಲಯದಲ್ಲಿ ಅಂತರ ಗ್ರಂಥಾಲಯ ಎರವಲು ಸೇವೆ ಇದೆಯೇ ಕೇಳಿ. ಅದು ಇದ್ದರೂ ವಿದ್ಯಾರ್ಥಿಗಳು ಕೇಳುವುದೇ ಇಲ್ಲ ಎಂಬುದು ನನಗೆ ಯಾವಾಗಲೂ ಬೇಸರದ ಸಂಗತಿ.

ಇಷ್ಟೆಲ್ಲ ಆದರೂ ಸಿಗದಿದ್ದರೆ, ನೀವು ಓದಿದ್ದು ಯಾವುದೋ ಅದನ್ನೇ ಗ್ರಂಥಸೂಚಿಯಲ್ಲಿ ಕೊಡಿ. ಪಠ್ಯದೊಳಗೆ ಮೂಲ ಲೇಖಕರ ಹೆಸರು ಹೇಳಿ, ‘ಇಂಥವರು ಉಲ್ಲೇಖಿಸಿರುವಂತೆ’ ಎಂದು ಸೇರಿಸಿ. ಎಪಿಎ ಎಂಬ ಉಲ್ಲೇಖ ಶೈಲಿಯಲ್ಲಿ ಇದಕ್ಕೆ ಅವಕಾಶ ಇದೆ. ಅಂಥವು ಬೆರಳೆಣಿಕೆಯಷ್ಟಿರಲಿ. ನಿಮ್ಮ ವಾದ ನಿಂತಿರುವುದೇ ಆ ಲೇಖನದ ಮೇಲೆ ಎಂದಾದರೆ ಮಾತ್ರ, ಮೂಲ ಕೈಗೆ ಬರುವ ತನಕ ಆ ವಾಕ್ಯವನ್ನು ತಡೆದಿಡಿ. ಶೀರ್ಷಿಕೆ ಮತ್ತು ಡಿಒಐ ಇಲ್ಲಿ ಹಾಕಿದರೆ ನಮ್ಮ ಗ್ರಂಥಾಲಯದ ಸಂಗ್ರಹದಲ್ಲಿ ಇದೆಯೇ ಎಂದು ನಾಳೆ ನೋಡಿ ತಿಳಿಸುತ್ತೇನೆ.